ಕುಟುಂಬದ ಮುಖ್ಯಸ್ಥರ ಸಹಿ

ಹನ್ನೊಂದು ಗಂಟೆಯ ಟಪಾಲಿನಲ್ಲಿ ರಿಜಿಸ್ಟರ್ ಪತ್ರ ತಲುಪಿದ್ದಕ್ಕೆ ವಾಪಸು ಬರುವ ಆ ಗುಲಾಬಿ ಬಣ್ಣದ ಕಾರ್ಡು ಬಂದು ಮೇಜಿನ ಮೇಲೆ ಬಿದ್ದಾಗ ಪರಿಶೀಲಕ ಮನಸ್ಸಿನಲ್ಲೇ ಒಬ್ಬನ ದವಡೆ ಮುರಿಯುತ್ತಿದ್ದ. ಬೆಳಿಗ್ಗೆ ಬಸ್ಸಿನಲ್ಲಿ ಇವನ ಕಾಲು ತುಳಿದದ್ದೂ ಅಲ್ಲದೆ 'ನೆಟ್ಟಗೆ ನಿಂತ್ಕೊಳ್ಳೋಕಾಗಲ್ವೇನ್ರೀ' ಎಂದು ಇವನನ್ನೇ ಗದರಿಸಿದ ದಪ್ಪ ಕತ್ತಿನವನ ದವಡೆ ಅದು. ಆಗ ಇವನು 'ಸಾರಿ' ಅಂದಿದ್ದ. ತುಳಿಸಿಕೊಂಡವನೇ ಸಾರಿ ಅಂದದ್ದು! ಎರಡು ತಾಸಿನಿಂದ ಅದೇ ಕೊರೆಯುತ್ತಿತ್ತು. ಒಂದು ಕೈಯಲ್ಲಿ ಅರ್ಜಿಗಳ ಪುಟ ತಿರುವುತ್ತ, ಇನ್ನೊಂದು ಕೈಯನ್ನು ಮೇಜಿನ ಕೆಳಗೆ ಮುಷ್ಟಿ ಮಾಡಿ, ಆ ಮನುಷ್ಯನ ತಲೆಯನ್ನು ಬಸ್ಸಿನ ಕಂಬಿಗೆ ಅಪ್ಪಳಿಸಿ ಅಪ್ಪಳಿಸಿ ಇವನಿಗೇ ಸುಸ್ತಾಗಿತ್ತು. ಇದು ಇವತ್ತಿನದಲ್ಲ, ಎಷ್ಟೋ ವರ್ಷದ ಅಭ್ಯಾಸ. ಹೊರಗೆ ನೋಡಿದರೆ ಇರುವೆಯನ್ನೂ ದಾಟಿಕೊಂಡು ಹೋಗುವ ಪ್ರಾಣಿ. ಒಳಗೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಯಾರಾದರೊಬ್ಬರು ಏಟು ತಿನ್ನುತ್ತಲೇ ಇರಬೇಕು. ಕಾರ್ಡನ್ನು ಎತ್ತಿ ನೋಡಿದ. ತಾನು ಕೆಲಸ ಮಾಡುವ ಅನುದಾನ ನಿಧಿಯ ಮುದ್ರೆ, ತನ್ನದೇ ಕೈಬರಹದಲ್ಲಿ ಕಡತದ ಸಂಖ್ಯೆ, ಕೆಳಗೆ 'ಸ್ವೀಕರಿಸಿದವರ ಸಹಿ' ಎಂಬಲ್ಲಿ ಪೆನ್ನನ್ನು ಒತ್ತಿ ಒತ್ತಿ ಕಾರ್ಡೇ ಹರಿದುಹೋಗುವ ಹಾಗೆ ಹಾಕಿದ ಒಂದು ಗಂಡಸಿನ ಸಹಿ. ನಿನ್ನೆಯ ತಾರೀಖು. ಕಾರ್ಡನ್ನು ಮಗುಚಿಟ್ಟು ಅದರ ಮೇಲೆ ಟೀ ಲೋಟ ಇಟ್ಟ.

ನಿಧಿಯ ಕೆಲಸ ಹೊಸ ಐಡಿಯಾಗಳಿಗೆ ದುಡ್ಡು ಕೊಡುವುದು. ಊರಿಗೂ ಒಳ್ಳೆಯದಾಗಬೇಕು, ವ್ಯಾಪಾರವೂ ನಡೆಯಬೇಕು, ಅಂಥ ಐಡಿಯಾ ಇದ್ದವರು ಅರ್ಜಿ ಹಾಕುತ್ತಾರೆ; ಗೆದ್ದವರಿಗೆ ಅನುದಾನ, ಒಂದು ವರ್ಷ ಸಲಹೆ, ಬೆನ್ನು ತಟ್ಟುವುದಕ್ಕೆ ಒಬ್ಬ ಜೊತೆಗಾರ. ಅರ್ಜಿಯಲ್ಲಿ ಬರೆದದ್ದು ನಿಜವೋ ಬುರುಡೆಯೋ ಎಂದು ಹೋಗಿ ನೋಡಿ ಬರುವುದು ಪರಿಶೀಲಕನ ಪಾಲಿನದು. ಹಿಂದೊಮ್ಮೆ ಯಾರೋ ಕಟ್ಟಿದ ಸಾರ್ವಜನಿಕ ಶೌಚಾಲಯದ ಬಾಗಿಲು ನಾಲ್ಕು ಇಂಚು ಕಿರಿದಾಗಿದೆಯೆಂದು ಇವನು ಟೇಪು ಹಿಡಿದು ಅಳೆದು ಅರ್ಜಿಯನ್ನೇ ಬೀಳಿಸಿದ್ದ. ಅಂದಿನಿಂದ ಆಫೀಸಿನಲ್ಲಿ ಇವನ ಹೆಸರು ಟೇಪು. ಎದುರಿಗೇ ಕರೆಯುತ್ತಾರೆ. 'ಟೇಪು, ಊಟ ಆಯ್ತಾ?' ಇವನು ನಗುತ್ತಾನೆ, ಕರೆದವನ ಕಿವಿಯನ್ನು ಮನಸ್ಸಿನಲ್ಲಿ ಬುಡಸಮೇತ ಕೀಳುತ್ತಾನೆ. ಆದರೆ ತನ್ನ ಕೆಲಸದ ಮೇಲೆ ಅವನಿಗೆ ಹೆಮ್ಮೆಯಿತ್ತು, ಅದನ್ನು ಸುಳ್ಳೆನ್ನಬಾರದು. ನಿಯಮ ಎಂದರೆ ನಿಯಮ. ಹದಿನಾಲ್ಕು ವರ್ಷದಲ್ಲಿ ಇವನು ನೋಡಿ ಬಂದ ಒಂದು ಕಡತವೂ ತಿರುಗಿ ಬಂದಿರಲಿಲ್ಲ.

ಬೀಗದವಳ ಅರ್ಜಿ ಈ ಸಲ ಎಲ್ಲರ ಬಾಯಲ್ಲೂ ಇತ್ತು. ಬೀಗ ರಿಪೇರಿಯವನ ಮಗಳು, ನಲವತ್ತರ ಆಸುಪಾಸು, ಹಳೆಯ ಸೈಕಲ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಮೂವರು ಹೆಂಗಸರಿಗೆ ಕೆಲಸ ಕಲಿಸಿದ್ದಳು. ಅಂಗಡಿಗಳಿಗೆ, ಉಳ್ಳವರ ಮನೆಗಳಿಗೆ ಬೀಗ ಹಾಕಿ ಸಂಪಾದಿಸುವುದು. ಆ ಸಂಪಾದನೆಯಲ್ಲಿ, ಗಂಡನ ಕೈಯಲ್ಲಿ ಹೊಡೆತ ತಿಂದು ಹೊರಬಿದ್ದ ಹೆಂಗಸರು ಹಿಡಿದ ಬಾಡಿಗೆ ಕೋಣೆಗಳಿಗೆ ಪುಕ್ಕಟೆಯಾಗಿ ಗಟ್ಟಿ ಬಾಗಿಲು ಮಾಡಿಕೊಡುವುದು. ಪರಿಶೀಲಕ ಅಲ್ಲಿಗೆ ಹೋದ ದಿನ ಅಂಗಡಿಯ ನಟ್ಟನಡುವೆ, ಗೋಡೆಯೇ ಇಲ್ಲದೆ, ಒಂದು ಬಾಗಿಲು ಚೌಕಟ್ಟಿನ ಸಮೇತ ನಿಂತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅದನ್ನು ಒದ್ದು ನೋಡುತ್ತಿದ್ದರು. ಮೈತುಂಬ ಕಬ್ಬಿಣದ ಪುಡಿ ಅಂಟಿಸಿಕೊಂಡಿದ್ದ ಬೀಗದವಳು, 'ಬೀಗ ಮುರಿಯೋದು ಕಮ್ಮಿ ಸಾರ್, ಮುರಿಯೋದು ಚೌಕಟ್ಟು. ಅದಕ್ಕೇ ನಾವು ಚೌಕಟ್ಟಿಗೆ ಉದ್ದಕ್ಕೂ ಪಟ್ಟಿ ಹೊಡೀತೀವಿ, ಗೇಣುದ್ದದ ಸ್ಕ್ರೂ. ಬನ್ನಿ, ಒದೀರಿ,' ಎಂದಳು. ನಾನು ಯಾಕೆ ಎಂದ. 'ಪರೀಕ್ಷೆ ಮಾಡೋಕೆ ಬಂದಿರೋದು ನೀವಲ್ವಾ? ಗಂಡ ಅಂದ್ಕೊಂಡು ಒದೀರಿ.' ಹೆಂಗಸರು ದಾರಿ ಬಿಟ್ಟು ನಿಂತರು. ದಿನವಿಡೀ ಮನಸ್ಸಿನಲ್ಲಿ ಮೂಳೆ ಮುರಿಯುವ ಮನುಷ್ಯ ಇವನು, ಒಂದು ಬಾಗಿಲು ಒದೆಯಲಾರನೆ? ಓಡಿ ಬಂದು ಒದ್ದ. ಕಾಲು ಜಾರಿತು, ಚಪ್ಪಲಿ ಹಾರಿ ಸ್ಕ್ರೂಗಳ ಡಬ್ಬದಲ್ಲಿ ಬಿತ್ತು, ಇವನು ಅಂಡೂರಿ ನೆಲದ ಮೇಲೆ ಕೂತಿದ್ದ. ಬಾಗಿಲು ಅಲುಗಲಿಲ್ಲ. ನಗು ಕೇಳಿಸಿತು. ನಕ್ಕದ್ದನ್ನಾದರೂ ಸಹಿಸಬಹುದಿತ್ತು, ಬೀಗದವಳು ಕೈ ಕೊಟ್ಟು ಎಬ್ಬಿಸುತ್ತ ಅಂದದ್ದನ್ನು ಸಹಿಸಲಾಗಲಿಲ್ಲ: 'ಬಿಡಿ ಸಾರ್, ನಿಮ್ಮ ಕೈಲಿ ಆಗಲ್ಲ. ನೀವು ಒಳ್ಳೇವ್ರು.' ಅದನ್ನು ಅವಳು ನಿಜವಾದ ಕನಿಕರದಿಂದಲೇ ಹೇಳಿದ್ದಳು.

ಪಿತ್ತ ನೆತ್ತಿಗೇರಿತ್ತು. ಧೂಳು ಕೊಡವಿಕೊಂಡು ಕಡತ ತೆರೆದ. ಸಾಕ್ಷ್ಯ ಎಲ್ಲಿ ಎಂದ. ಬೀಗದವಳು ಹೆಸರಿಲ್ಲದ, ವಿಳಾಸವಿಲ್ಲದ, ಬರೀ ನಂಬರು ಹಾಕಿದ ಪಟ್ಟಿ ಕೊಟ್ಟಿದ್ದಳು. ಒಂದಾದರೂ ಮನೆ ಬೇಕು, ಹೆಸರು ಬೇಕು, ಗುರುತಿನ ಚೀಟಿಯ ನಕಲು ಬೇಕು, ಇಲ್ಲವಾದರೆ ಕಡತ ಇಲ್ಲಿಗೇ ಮುಗಿಯಿತು ಎಂದ. ಅವಳ ಮುಖ ಸಪ್ಪಗಾದದ್ದನ್ನು ನೋಡಿ ಹೊಟ್ಟೆ ತಣ್ಣಗಾಯಿತು. ಅವಳು ಹಿಂದಿನ ಕೋಣೆಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ತುಂಬ ಹೊತ್ತು ಮಾತಾಡಿ ಬಂದು, ಒಂದು ನಕಲು ಕೊಟ್ಟಳು. ಒಬ್ಬ ಹೊಲಿಗೆಯವಳದು. 'ಅವಳೇ ಒಪ್ಕೊಂಡ್ಳು ಸಾರ್, ನಮ್ಗೋಸ್ಕರ. ಅತ್ತೆ ಜೊತೆಗಿದಾಳೆ. ಹ್ಞೂಂ, ಅತ್ತೇನೇ. ಮಗನ ಹೊಡೆತ ತಾಳಲಾರ್ದೆ ಸೊಸೆ ಜೊತೆ ಮುದುಕಿನೂ ಬಂದ್ಬಿಟ್ಳು. ಈಗಿರೋ ವಿಳಾಸ ಬಾಯಲ್ಲಿ ಹೇಳ್ತೀನಿ, ನಿಮ್ಮ ತಲೇಲಿರಲಿ ಸಾರ್. ಕಾಗದದ ಮೇಲೆ ಬೇಡ, ನಿಮ್ಮ ಕಾಲಿಗೆ ಬೀಳ್ತೀನಿ.' ಇವನು ತಲೆಯಾಡಿಸಿದ್ದ. ಸಂಜೆ ಆಫೀಸಿಗೆ ಬಂದು, ಬಾತ ಹೆಬ್ಬೆರಳನ್ನು ಚಪ್ಪಲಿಯಿಂದ ಹೊರಗೆ ತೆಗೆದಿಟ್ಟುಕೊಂಡು ಪರಿಶೀಲನೆಯ ಫಾರಮ್ಮು ತುಂಬುತ್ತ ಒಂಬತ್ತನೇ ಕಾಲಮ್ಮಿಗೆ ಬಂದ. 'ಫಲಾನುಭವಿ ಕುಟುಂಬದ ಮುಖ್ಯಸ್ಥರ ಸಹಿ.' ಗುರುತಿಗೆಂದು ಕೊಟ್ಟ ಪಡಿತರ ಚೀಟಿಯಲ್ಲಿ ಮುಖ್ಯಸ್ಥ ಎಂದು ಗಂಡನ ಹೆಸರಿತ್ತು, ಅವನ ಮನೆಯ ವಿಳಾಸವಿತ್ತು. ಮುಖ್ಯಸ್ಥರಿಗೆ ಹೋಗುವ ಪತ್ರದ ನಮೂನೆ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು: ತಮ್ಮ ಕುಟುಂಬದ ಸದಸ್ಯೆಯು ಈ ಕೆಳಕಂಡ ವಿಳಾಸದಲ್ಲಿ ಪಡೆದಿರುವ ಸೌಲಭ್ಯವನ್ನು ತಾವು ದೃಢೀಕರಿಸಿ, ಸಹಿ ಮಾಡಿ ಕಳಿಸತಕ್ಕದ್ದು. ಕೆಳಕಂಡ ವಿಳಾಸ ಎಂಬಲ್ಲಿ ಖಾಲಿ ಬಿಟ್ಟರೆ ಪತ್ರ ಮುದ್ರಣವಾಗುತ್ತಿರಲಿಲ್ಲ. ತಲೆಯಲ್ಲಿದ್ದದ್ದನ್ನು ಟೈಪು ಮಾಡಿದ. ಲಕೋಟೆಯ ಅಂಟಿಗೆ ನಾಲಿಗೆ ಹಚ್ಚುವಾಗ, ಆ ಒಂದು ಗಳಿಗೆ, ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತೆ? ಮೂರು ದಿನದಿಂದ ಅವನು ಗೊತ್ತಿರಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದ. ಈಗ ಟೀ ಲೋಟದ ಕೆಳಗಿನ ಕಾರ್ಡನ್ನು ನೋಡುತ್ತ, ಗೊತ್ತಿತ್ತು ಎನ್ನಿಸಿತು. ಅಂಟಿನ ರುಚಿ ನಾಲಿಗೆಯ ಮೇಲೆ ಇನ್ನೂ ಇತ್ತು.

ಹೊಲಿಗೆಯವಳಿಗೆ ತಿಳಿಸಬೇಕು. ಅವಳ ಫೋನು ನಂಬರು ಬೀಗದವಳ ಹತ್ತಿರ ಮಾತ್ರ ಇದೆ. ಬೀಗದವಳಿಗೆ ಹೇಳಬೇಕೆಂದರೆ ತಾನು ಮಾಡಿದ್ದನ್ನೂ ಹೇಳಬೇಕು. ವರಾಂಡದ ತುದಿಗೆ ಹೋಗಿ ಫೋನು ಮಾಡಿದ. ಅತ್ತ ಕಡೆ ಡ್ರಿಲ್ಲಿನ ಗುರ್ರೆಂಬ ಸದ್ದು, ಅದರ ನಡುವೆ ಅವಳ ದನಿ: 'ಹೇಳಿ ಸಾರ್, ಕಾಲು ಹೇಗಿದೆ?' ಇವನ ಬಾಯಿಂದ ಬಂದದ್ದು ಇಷ್ಟು: 'ಅಂಗಡಿಯ ಫೋಟೋ ಎರಡು ಪ್ರತಿ ಬೇಕಾಗಿತ್ತು.' 'ಕಳಿಸ್ತೀನಿ ಸಾರ್. ಆಗುತ್ತಲ್ವಾ ಸಾರ್ ನಮ್ದು? ಈ ಮೂವರೂ ದಿನಾ ಕೇಳ್ತಾರೆ.' ಆಗಬಹುದು, ನೋಡೋಣ ಎಂದು ಫೋನಿಟ್ಟ. ಇಟ್ಟ ಮೇಲೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ. ಮನಸ್ಸಿನಲ್ಲಲ್ಲ, ನಿಜವಾಗಿ, ಪಟಾರೆಂದು. ಕಸ ಗುಡಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು. 'ಸೊಳ್ಳೆ,' ಎಂದ.

ನಿರ್ದೇಶಕಿಯ ಕೋಣೆಯಲ್ಲಿ ನಾಳಿನ ಸಭೆಗೆಂದು ಹೂಕುಂಡಗಳನ್ನು ಸಾಲಾಗಿ ಇಡಿಸುತ್ತಿದ್ದರು. ಆಕೆ ಎಂದೂ ದನಿ ಎತ್ತಿದವರಲ್ಲ; ಪೆಟ್ಟು ಬಿದ್ದವರಿಗೂ ಬಿತ್ತೆಂದು ತಿಳಿಯುವುದು ಮನೆಗೆ ಹೋದ ಮೇಲೆ. ಇವನು ನಿಂತೇ ಹೇಳಿದ, ಒಂಬತ್ತನೇ ಕಾಲಮ್ಮು, ಪತ್ರ, ಕಾರ್ಡು. ಆಕೆ ಕನ್ನಡಕ ತೆಗೆದು ಒರೆಸಿದರು. 'ನೀವು ನಿಯಮದ ಪ್ರಕಾರ ತಾನೆ ಮಾಡಿರೋದು? ಮತ್ಯಾಕೆ ಬೆವರ್ತಿದೀರಿ? ನೋಡಿ, ಇವತ್ತು ಯಾರಿಗೂ ಏನೂ ಬರೀಬೇಡಿ. ಬರೆದ್ರೆ ದಾಖಲೆ ಆಗುತ್ತೆ. ನಾಳೆ ಟ್ರಸ್ಟಿಗಳು ಬರ್ತಾರೆ, ಬೀಗದ ಐಡಿಯಾ ಅಂದ್ರೆ ಅವರಿಗೆ ಪ್ರಾಣ. ಸಭೆ ಮುಗೀಲಿ, ಆಮೇಲೆ ನೋಡೋಣ.' 'ಮೇಡಂ, ಅವನು ಅಲ್ಲಿಗೆ ಹೋದ್ರೆ...' 'ಗಂಡ ಅಲ್ವೇನ್ರೀ? ಹೋದ್ರೆ ಮಾತಾಡ್ತಾನೆ, ಕರೀತಾನೆ. ಎಲ್ಲಾನೂ ನಾವೇ ತಲೆ ಮೇಲೆ ಹೊತ್ಕೊಳ್ಳೋಕಾಗುತ್ತಾ? ಆ ಕುಂಡ ಸ್ವಲ್ಪ ಆ ಕಡೆ ತಿರುಗ್ಸಿ.' ಅವನು ಕುಂಡವನ್ನು ತಿರುಗಿಸಿದ. ಅದನ್ನೆತ್ತಿ ಆಕೆಯ ನೆತ್ತಿಯ ಮೇಲೆ ಒಡೆದರೆ ಮಣ್ಣು ಎಲ್ಲೆಲ್ಲಿ ಚೆಲ್ಲೀತು, ಆ ನರೆತ ಬೈತಲೆಯಲ್ಲಿ ರಕ್ತ ಯಾವ ದಾರಿ ಹಿಡಿದೀತು ಎಲ್ಲವೂ ಕಣ್ಣಿಗೆ ಕಟ್ಟಿತು. ಆಯ್ತು ಮೇಡಂ ಎಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಬಂದ. ಬಂದು ತನ್ನ ಜಾಗದಲ್ಲಿ ಕೂತ. ಕೂತೇ ಇದ್ದ. ಹಳೆ ಟೈರಿನಿಂದ ಕುರ್ಚಿ ಮಾಡುವವರ ಅರ್ಜಿಗೆ ಹೊಸತನದಲ್ಲಿ ಆರು ಅಂಕ ಹಾಕಿದ, ಅಳಿಸಿ ಐದು ಮಾಡಿದ. ಒಂದು ಗಂಟೆ ಹೊಡೆಯಿತು.

ಎಷ್ಟೋ ವರ್ಷದ ಹಿಂದೆ ಇವನ ಅಕ್ಕ ಗಂಡನ ಮನೆ ಬಿಟ್ಟು ಹಿತ್ತಲ ಬಾಗಿಲಿನಿಂದ ಬಂದಿದ್ದಳು. ಮುಂಬಾಗಿಲಿನಲ್ಲಿ ನೆರೆಯವರು ನೋಡುತ್ತಾರಲ್ಲ. ಎಡ ಕಿವಿಯಿಂದ ಇಳಿದ ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು, ಮಾತಾಡಿಸಿದರೆ ತಲೆಯನ್ನು ಓರೆ ಮಾಡಿ ಇನ್ನೊಂದು ಕಿವಿ ಕೊಡುತ್ತಿದ್ದಳು. ಎರಡು ದಿನ ಇದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಅಮ್ಮ ಹೊಂದಿಕೊಂಡು ಹೋಗಮ್ಮ ಎಂದಳು. ಆಗ ಇವನಿಗೆ ಹತ್ತೊಂಬತ್ತು, ಗಟ್ಟಿ ರಟ್ಟೆ. ಟ್ರಂಕು ಹೊತ್ತು ಅಕ್ಕನನ್ನು ಭಾವನ ಮನೆಗೆ ವಾಪಸು ಬಿಟ್ಟು ಬಂದವನು ಇವನೇ. ದಾರಿಯಲ್ಲಿ ಅಕ್ಕ, 'ಭಾರ ಅಲ್ವೇನೋ, ನಾನೊಂದು ಕಡೆ ಹಿಡ್ಕೊಳ್ಳಾ?' ಎಂದಿದ್ದಳು. ಭಾವ ಬಾಗಿಲಲ್ಲೇ ನಿಂತಿದ್ದ. 'ಒಳ್ಳೇ ಹುಡುಗ ಕಣಯ್ಯ ನೀನು' ಎಂದು ಬೆನ್ನು ತಟ್ಟಿದ. ಬೆನ್ನಿನ ಮೇಲೆ ಆ ಕೈ ಬಿದ್ದಾಗ ಇವನಿಗೆ ಸಂತೋಷವಾಗಿತ್ತು, ಅದನ್ನು ಈ ಇಪ್ಪತ್ತೆಂಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ಅಕ್ಕ ಈಗಲೂ ಫೋನು ಮಾಡುತ್ತಾಳೆ, ಏನು ಹೇಳಿದರೂ ಎರಡು ಸಲ ಹೇಳಬೇಕು. ಟ್ಯಾಕ್ಸಿಯವನು 'ಎಲ್ಲಿಗೆ ಸಾರ್' ಎಂದು ಎರಡನೇ ಸಲ ಕೇಳಿದಾಗಲೇ ತಾನು ಆಫೀಸಿನ ಮೆಟ್ಟಿಲಿಳಿದು ಬಂದು ಕಾರಿನಲ್ಲಿ ಕೂತಿದ್ದೇನೆಂದು ಪರಿಶೀಲಕನಿಗೆ ತಿಳಿದದ್ದು. ತಲೆಯಲ್ಲಿದ್ದ ವಿಳಾಸ ಹೇಳಿದ.

ಟ್ಯಾಕ್ಸಿಯಿಂದ ಬೀಗದವಳಿಗೆ ಮತ್ತೆ ಫೋನು ಮಾಡಿದ. ಈ ಸಲ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟ: ಪತ್ರ ಹೋಗಿದೆ, ಗಂಡನಿಗೆ, ವಿಳಾಸ ಇದೆ, ನಿನ್ನೆಯೇ ತಲುಪಿದೆ, ತಾನೀಗ ಅಲ್ಲಿಗೇ ಹೊರಟಿದ್ದೇನೆ. ಅತ್ತ ಡ್ರಿಲ್ಲು ನಿಂತಿತು. ಅವಳು ಬಯ್ಯಲಿಲ್ಲ. 'ಯಾವಾಗ ಗೊತ್ತಾಯ್ತು ನಿಮ್ಗೆ?' 'ಈಗ. ಈಗಷ್ಟೆ.' ಸುಳ್ಳು. 'ಇರಿ,' ಎಂದು ಇನ್ನೊಂದು ಫೋನಿನಲ್ಲಿ ಮಾತಾಡಿದಳು, ತಿರುಗಿ ಬಂದಳು, ದನಿ ಬದಲಾಗಿತ್ತು. 'ಬಂದಿದಾನೆ. ಬಾಗಿಲ ಮುಂದೇನೇ ಇದಾನೆ, ಕಬ್ಬಿಣದ ಸಲಾಕೆ ಹಿಡ್ಕೊಂಡು. ನಾನು ಊರ ಈ ತುದೀಲಿದೀನಿ, ಮುಕ್ಕಾಲು ಗಂಟೆ ಬೇಕು. ನೀವು ಪೊಲೀಸ್‌ಗೆ ಫೋನ್ ಮಾಡಿ. ಮತ್ತೆ ಸಾರ್, ಕೇಳಿಸ್ಕೊಳ್ಳಿ. ಆ ಬಾಗಿಲು ನಾನೇ ಹಾಕಿದ್ದು, ಒಂದು ಗಂಟೆ ಬಡಿದ್ರೂ ಬೀಳಲ್ಲ. ಒಳಗಿರೋರು ತೆಗೀಬಾರ್ದು ಅಷ್ಟೆ. ನೀವು ಅದರ ಹತ್ರ ಹೋಗ್ಬೇಡಿ. ದೂರ ನಿಂತ್ಕೊಳ್ಳಿ. ನಿಮ್ಮ ಕೈಲಿ ಆಗಲ್ಲ.' ಪೊಲೀಸಿಗೆ ಫೋನು ಮಾಡಿದ. ಸಂಸಾರದ ಜಗಳವೋ ಹೊರಗಿನವರದೋ ಎಂದು ವಿಚಾರಿಸಿ, ಗಾಡಿ ಬಂದರೆ ಕಳಿಸುತ್ತೇವೆ ಎಂದರು. ಫೋನು ಜೇಬಿಗಿಟ್ಟುಕೊಂಡ ಮೇಲೆ ಪೊಲೀಸಿನ ಮಾತು ಮರೆತೇಹೋಯಿತು. ಕಿವಿಯಲ್ಲಿ ಉಳಿದದ್ದು ಬೀಗದವಳ ಕೊನೆಯ ಮಾತೊಂದೇ. ಮುಖಕ್ಕೆ ಉಗಿದಂತಾಗಿತ್ತು. ಎರಡನೇ ಸಲ.

ಬೀದಿ ಇಕ್ಕಟ್ಟಾಗಿತ್ತು. ಎರಡೂ ಕಡೆ ಮೂರಂತಸ್ತಿನ ಹಳೆ ಕಟ್ಟಡಗಳು, ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆ, ಆ ಬಟ್ಟೆಗಳ ಸಂದಿಯಲ್ಲಿ ಮುಖಗಳು. ಸದ್ದು ತಿರುವಿನಿಂದಲೇ ಕೇಳುತ್ತಿತ್ತು, ಕಬ್ಬಿಣದ ಮೇಲೆ ಕಬ್ಬಿಣ, ನಿಧಾನವಾಗಿ, ಎಣಿಸಿ ಎಣಿಸಿ ಹೊಡೆದ ಹಾಗೆ. ಎದುರಿನ ಇಸ್ತ್ರಿ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಕೈಕಟ್ಟಿ ನಿಂತಿದ್ದರು. ಪರಿಶೀಲಕನೂ ಅವರೊಳಗೆ ಒಬ್ಬನಾಗಿ ನಿಂತ. ಗಂಡನನ್ನು ನೋಡಿ ಆಶ್ಚರ್ಯವಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಪಾಲಿಶ್ ಮಾಡಿದ ಬೂಟು. ಆಫೀಸಿನ ಪತ್ರ ಬಂದಿದೆಯೆಂದು ಆಫೀಸಿಗೆ ಬರುವವನಂತೆ ಬಂದಿದ್ದ. ಮೇಲಿನ ಜೇಬಿನಲ್ಲಿ ಪತ್ರ ಕಾಣುತ್ತಿತ್ತು, ನಿಧಿಯ ಹಸಿರು ಮುದ್ರೆ ಹೊರಗಿರುವಂತೆ ಮಡಿಚಿಟ್ಟದ್ದು. 'ಮೊದ್ಲು ಮರ್ಯಾದೆಯಿಂದಾನೇ ಬಡಿದ ಕಣ್ರೀ,' ಎಂದ ಇಸ್ತ್ರಿಯವನು. 'ಸರ್ಕಾರಿ ಪತ್ರ ತಂದಿದೀನಿ, ಸಹಿ ಹಾಕಿದೀನಿ, ಬಾಗಿಲು ತೆಗಿ ಅಂದ. ಅರ್ಧ ಗಂಟೆ ಆದ್ಮೇಲೆ ಸಲಾಕೆ ತಗೊಂಡ. ಗುಜರಿ ಅಂಗಡೀಲಿ ಕೆಲಸ ಅಂತೆ, ಕೈ ನೋಡಿ.' 'ಯಾರೂ ಹೋಗ್ಲಿಲ್ವಾ?' ಎಂದ ಪರಿಶೀಲಕ. ಇಸ್ತ್ರಿಯವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ನೀವು ಹೋಗಿ,' ಎಂದ. ಜನ ನಕ್ಕರು. ಬಾಗಿಲ ಮೇಲೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ತಗಡು ಅಲ್ಲಲ್ಲಿ ತಗ್ಗಾಗಿತ್ತು. ಚೌಕಟ್ಟು ಮಾತ್ರ ಕೂದಲೆಳೆಯಷ್ಟೂ ಕದಲಿರಲಿಲ್ಲ. ಒಳಗಿನಿಂದ ಒಂದು ಸದ್ದೂ ಇಲ್ಲ. ಹೀಗೇ ಇನ್ನೊಂದು ಅರ್ಧ ಗಂಟೆ ನಿಂತುಬಿಟ್ಟಿದ್ದರೆ ಸಾಕಾಗಿತ್ತು. ಬೀಗದವಳು ಹೇಳಿದ್ದು ಅಷ್ಟೆ. ನಿಲ್ಲುವುದು ಇವನಿಗೆ ಗೊತ್ತಿಲ್ಲದ ಕೆಲಸವೂ ಅಲ್ಲ, ಜೀವನವೆಲ್ಲ ನಿಂತೇ ಬಂದವನು. ಆದರೆ ನಗು ಕೇಳಿಸಿತ್ತಲ್ಲ. ಕಾಲು ತಾವಾಗಿ ಬೀದಿ ದಾಟಿದವು.

'ನಿಲ್ಸಿ,' ಎಂದ. ದನಿ ಕೀರಲಾಗಿತ್ತು. ಗಂಡ ತಿರುಗಿ ನೋಡಿದ, ಬೆವರೊರೆಸಿಕೊಂಡ. 'ಯಾರ್ರೀ ನೀವು?' 'ನಾನು ನಿಧಿಯಿಂದ. ಆ ಪತ್ರ...' ಗಂಡನ ಮುಖ ಒಮ್ಮೆಲೇ ಅರಳಿತು. ಸಲಾಕೆಯನ್ನು ಎಡಗೈಗೆ ದಾಟಿಸಿ ಬಲಗೈಯಿಂದ ಇವನ ಕೈ ಹಿಡಿದು ಕುಲುಕಿದ. 'ಬನ್ನಿ ಬನ್ನಿ ಸಾರ್! ನೀವೇನಾ ಕಳಿಸಿದ್ದು? ಒಂದೂವರೆ ವರ್ಷ ಹುಡುಕಿದೀನಿ ಸಾರ್ ನಾನು, ಯಾವ ನನ್ಮಗನೂ ಹೇಳ್ಲಿಲ್ಲ. ಹೆತ್ತ ತಾಯೀನೂ ಕರ್ಕೊಂಡು ಬಂದ್ಬಿಟ್ಟವ್ಳೆ. ನಿಮ್ಮಂಥೋರು ಇದೀರಲ್ಲ. ನೋಡಿ, ಎಲ್ಲಾ ಭರ್ತಿ ಮಾಡಿದೀನಿ.' ಸಲಾಕೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಇವನ ಕೈ ಬಿಡದೆ, ಎಡಗೈಯಿಂದಲೇ ಜೇಬಿನ ಪತ್ರ ತೆಗೆದು ಕೊಡವಿ ಬಿಡಿಸಿ ತೋರಿಸಿದ. ಕುಟುಂಬದ ಮುಖ್ಯಸ್ಥರ ಸಹಿ ಎಂಬಲ್ಲಿ ಅದೇ ಒತ್ತಿ ಬರೆದ ಸಹಿ, ಸೌಲಭ್ಯ ತೃಪ್ತಿಕರವೇ ಎಂಬಲ್ಲಿ ಹೌದು ಎಂದು ಗುರುತು. ಇವನ ಕೈ ಅವನ ಕೈಯೊಳಗೇ ಇತ್ತು, ಬೆಚ್ಚಗೆ. 'ನೀವು ಕರೀರಿ ಸಾರ್. ಆಫೀಸಿನೋರು ಅಂದ್ರೆ ತೆಗೀತಾರೆ.' 'ಇಲ್ಲ,' ಎಂದ ಪರಿಶೀಲಕ. 'ಏನಿಲ್ಲ?' 'ಪತ್ರ ತಪ್ಪಾಗಿ ಬಂದಿದೆ. ನೀವು ವಾಪಸ್ ಹೋಗಿ. ತೆಗೀಬೇಡಿ ಅಮ್ಮಾ!' ಎಂದು ಬಾಗಿಲ ಕಡೆ ತಿರುಗಿ ಕೂಗಿದ. 'ಏನೇ ಆದ್ರೂ ತೆಗೀಬೇಡಿ!'

ಮೊದಲ ಏಟು ಮೊಣಕೈಗೆ ಬಿತ್ತು. ನೋವಿಗಿಂತ ಮೊದಲು ಸದ್ದು ಕೇಳಿಸಿತು, ಯಾರೋ ಒಣಕಟ್ಟಿಗೆ ಮುರಿದಂತೆ. ಇದು ಹೀಗಿರುತ್ತದೆಂದು ಅವನು ಎಂದೂ ಎಣಿಸಿರಲಿಲ್ಲ. ಮನಸ್ಸಿನಲ್ಲಿ ಅವನು ಇಷ್ಟು ವರ್ಷ ಹೊಡೆದವರು ಯಾರೂ ಹೀಗೆ ಒದ್ದೆಯಾಗಿರಲಿಲ್ಲ, ಯಾರಿಗೂ ಉಚ್ಚೆ ಹೋಗಿರಲಿಲ್ಲ, ಯಾರ ಬಾಯಿಂದಲೂ ಇಂಥ ಸದ್ದು ಬಂದಿರಲಿಲ್ಲ. ಎರಡನೇ ಏಟು ಪಕ್ಕೆಗೆ. ಬಾಗಿಲಿಗೇ ಒರಗಿ ಕುಸಿದ. ಗಂಡ ಈಗ ಬಯ್ಯುತ್ತಲೂ ಇರಲಿಲ್ಲ, ಬಾಗಿಲಿಗೆ ಹೊಡೆಯುತ್ತಿದ್ದಷ್ಟೇ ನಿಧಾನವಾಗಿ, ಅಷ್ಟೇ ಜತನದಿಂದ ಇವನನ್ನು ಹೊಡೆಯುತ್ತಿದ್ದ. ಹಣೆ ಒಡೆಯಿತು. ಕಿರುಚಬಾರದು ಎಂದುಕೊಂಡ. ಹಲ್ಲು ಕಚ್ಚಿದ. ಬಾಗಿಲಿನ ಆಚೆ, ತನ್ನ ಬೆನ್ನಿಗೆ ಒಂದು ಗೇಣು ದೂರದಲ್ಲಿ, ಯಾರೋ ಉಸಿರಾಡುವುದು ಕೇಳಿಸಿತು. ಒಂದು ಮುದಿ ದನಿ: 'ಯಾರೋ ಸಾಯ್ತಾ ಇದಾರೆ ಕಣೇ.' ಇನ್ನೊಂದು ದನಿ: 'ಬೇಡ ಅತ್ತೆ. ಅತ್ತೆ, ಬೇಡ, ಕೈ ತೆಗೀರಿ.' 'ಯಾವ ತಾಯಿ ಹೆತ್ತ ಮಗನೋ. ಬಿಡೇ ನನ್ನ.' ಇಲ್ಲ, ನಾನು ಸಾಯುತ್ತಿಲ್ಲ, ತೆಗೆಯಬೇಡಿ ಎಂದು ಹೇಳಲು ಬಾಯಿ ತೆರೆದ. ಆಗಲೇ ಸಲಾಕೆ ಮುರಿದ ಮೊಣಕೈಯ ಮೇಲೆ ಮತ್ತೊಮ್ಮೆ ಬಿತ್ತು. ತೆರೆದ ಬಾಯಿಂದ ಹೊರಬಂದದ್ದು ಒಂದು ಅರಚು, ಹಂದಿ ಕೊಯ್ಯುವಾಗಿನಂಥ ಅರಚು, ಬೀದಿಯ ತುದಿಯವರೆಗೂ ಕೇಳುವಂಥದ್ದು. ಬೆನ್ನ ಹಿಂದೆ ಮೇಲಿನ ಅಗುಳಿ ಸರಿಯಿತು. ನಡುವಿನದು ಸರಿಯಿತು. ಕೆಳಗಿನದು.

ಬಾಗಿಲು ತೆರೆದುಕೊಂಡಾಗ ಅವನು ಹಿಮ್ಮುಖವಾಗಿ ಒಳಗೆ ಬಿದ್ದ. ಬಿದ್ದಲ್ಲಿಂದ ಕಂಡದ್ದು ತನ್ನನ್ನು ದಾಟಿ ಮುಂದೆ ಹೋಗುತ್ತಿದ್ದ ಎರಡು ಬರಿಗಾಲು, ಒಡೆದ ಹಿಮ್ಮಡಿ. ಮುದುಕಿ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತಳು. 'ಸಾಕು ಮಾಡೋ,' ಎಂದಳು. ಮಗ ಸಲಾಕೆ ಎತ್ತಿದ್ದ. ಅದು ತಾಯಿಗಾಗಿ ಎತ್ತಿದ್ದಲ್ಲವೇನೋ, ಅವಳ ಹಿಂದೆ ಕಂಡ ಹೆಂಡತಿಗಾಗಿಯೋ ಏನೋ. ಎತ್ತಿದ ಕೈ ಅರ್ಧದಲ್ಲಿ ನಿಲ್ಲುವ ಕೈಯಾಗಿರಲಿಲ್ಲ. ಮುದುಕಿ ಕೂಗಲೂ ಇಲ್ಲ. ಕೂರಲು ಜಾಗ ಹುಡುಕುವವಳಂತೆ ಒಂದು ಕೈಯನ್ನು ಹಿಂದಕ್ಕೆ ಚಾಚಿ, ಪರಿಶೀಲಕನ ಪಕ್ಕದಲ್ಲೇ ಕುಸಿದು ಬಿದ್ದಳು. ಸಲಾಕೆ ನೆಲದ ಮೇಲೆ ಠಣಾರೆಂದಿತು. ಆಮೇಲೆ ಜನ ಓಡಿ ಬಂದರು. ಅಷ್ಟು ಹೊತ್ತು ಕೈಕಟ್ಟಿ ನಿಂತವರೇ ಈಗ ಗಂಡನ ಮೇಲೆ ಬಿದ್ದು, ಬಿಳಿ ಅಂಗಿ ಹರಿದು, ಬೀದಿಗೆ ಎಳೆದು ಒದೆಯತೊಡಗಿದರು. ಇಸ್ತ್ರಿಯವನು ಎಲ್ಲರಿಗಿಂತ ಜೋರಾಗಿ ಒದೆಯುತ್ತಿದ್ದ. ಗಂಡ 'ಅಮ್ಮಾ, ಅಮ್ಮಾ' ಎನ್ನುತ್ತಿದ್ದ.

ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಶಾಲೆಯ ಸಮವಸ್ತ್ರವಿತ್ತು. ಹೊಲಿಗೆಯವಳು ಅದನ್ನೇ ಎಳೆದು, ಹಲ್ಲಿನಿಂದ ಕಚ್ಚಿ ಎರಡು ಭಾಗ ಮಾಡಿದಳು. ಅಳುತ್ತಿರಲಿಲ್ಲ. ಒಂದು ಭಾಗವನ್ನು ಅತ್ತೆಯ ತಲೆಗೆ ಒತ್ತಿದಳು, ಇನ್ನೊಂದನ್ನು ಇವನ ಹಣೆಗೆ. ಎರಡೂ ಕೈಯಿಂದ ಇಬ್ಬರನ್ನೂ ಹಿಡಿದುಕೊಂಡು ನಡುವೆ ಮಂಡಿಯೂರಿ ಕೂತಳು. ಅತ್ತೆಯ ಕಡೆಯ ಬಟ್ಟೆ ಆಗಲೇ ತೊಯ್ದು ತೊಟ್ಟಿಕ್ಕುತ್ತಿತ್ತು. ಮುದುಕಿಯ ಕಣ್ಣು ಸೂರು ನೋಡುತ್ತಿದ್ದವು, ಆಮೇಲೆ ನಿಧಾನವಾಗಿ ಇವನ ಕಡೆ ಹೊರಳಿದವು. 'ತುಂಬಾ ಪೆಟ್ಟಾಯ್ತೇನಪ್ಪಾ?' ಎಂದಳು. ಇವನಿಗೆ ತಡೆಯಲಾಗಲಿಲ್ಲ. ಮೂಗು ಸೋರಿತು, ಮಗುವಿನ ಹಾಗೆ ಬಿಕ್ಕಿದ. 'ಅಳ್ಬೇಡಿ ಅಣ್ಣ,' ಎಂದಳು ಹೊಲಿಗೆಯವಳು. 'ಬೀದಿಯೆಲ್ಲಾ ನಿಂತ್ಕೊಂಡು ನೋಡ್ತಿತ್ತು. ನೀವೊಬ್ರೇ ಬಂದ್ರಿ. ಯಾರು ನೀವು?'

ಯಾರೂ ಅಲ್ಲ, ದಾರೀಲಿ ಹೋಗ್ತಿದ್ದೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಹಣೆಯ ಮೇಲಿನ ಅವಳ ಅಂಗೈ ಒರಟಾಗಿ, ಬೆಚ್ಚಗೆ ಇತ್ತು. ಅಷ್ಟು ಮೆತ್ತಗೆ ಇವನನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಅದು ಅಲ್ಲೇ ಇರಲಿ ಎಂದು ಜೀವ ಬೇಡಿತು.

'ಪತ್ರ ಕಳಿಸಿದ್ದು ನಾನು,' ಎಂದ.

ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. 'ನಿಮ್ಮ ವಿಳಾಸ ಬರೆದು ಅವನಿಗೆ ಪತ್ರ ಕಳಿಸಿದ್ದು ನಾನು. ಗೊತ್ತಿದ್ದೇ ಕಳಿಸಿದೆ.'

ಅವಳು ಇವನನ್ನು ನೋಡಿದಳು. ಮುಖದಲ್ಲಿ ಸಿಟ್ಟಾಗಲಿ ಏನಾಗಲಿ ಕಾಣಲಿಲ್ಲ. ಅತ್ತೆಯ ಕಡೆ ತಿರುಗಿದಳು, ಅಲ್ಲಿ ತೊಟ್ಟಿಕ್ಕುತ್ತಿದ್ದ ಬಟ್ಟೆಯನ್ನು ನೋಡಿದಳು. ಇವನ ಹಣೆಯ ಮೇಲಿದ್ದ ಅರ್ಧ ಬಟ್ಟೆಯನ್ನು ತೆಗೆದು ಮಡಿಚಿ ಅದರ ಮೇಲಿಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದಳು.